ಓದುಗರ ಕಟ್ಟೆ: ಟೊಮೆಟೊ ಬಾಕ್ಸು, ಡೈರಿ ಬಟವಾಡೆ, ಸಂಘದ ಕಂತು

ದುಡ್ಡು, ಓಟು, ಊರು ಈ ಮೂರೂ ಒಂದನ್ನೊಂದು ಹೇಗೆ ಎಳೆದಾಡುತ್ತವೆ ಎಂಬ ಬಗ್ಗೆ ಈ ಸಲ ಪ್ರಶ್ನೆ ಕೇಳಿದ್ದೆವು. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಓದುಗರು ಪುಸ್ತಕದ ಪ್ರಶ್ನೆ ಕೇಳಲಿಲ್ಲ. ಮಂಡಿ ಬಿಲ್ಲು, ಹಾಲಿನ ಚೀಟಿ, ಜಮೀನಿನ ನೋಟಿಸು ಇಟ್ಟುಕೊಂಡೇ ಬರೆದಿದ್ದಾರೆ. ಒಂದೇ ಬಗೆಯವನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: 2023ರ ಜುಲೈನಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿದಾಗ ಕೇಂದ್ರ ಸರ್ಕಾರ ನೇಪಾಳದಿಂದ ಹಣ್ಣು ತರಿಸಿತು. ಅದೇ ಬಾಕ್ಸು ಅರವತ್ತಕ್ಕೆ ಇಳಿದು ರಸ್ತೆಗೆ ಸುರಿದಾಗ ಯಾರೂ ತಿರುಗಿ ನೋಡುವುದಿಲ್ಲ. ಇದು ಅರ್ಥಶಾಸ್ತ್ರವೋ ರಾಜಕೀಯವೋ?
(ಟೊಮೆಟೊ ಬೆಳೆಗಾರ, ಮುಳಬಾಗಿಲು ತಾಲ್ಲೂಕು)

ಉತ್ತರ: ಎರಡೂ ಹೌದು. ಬೆಲೆ ಏರಿದಾಗ ಕೂಗುವವರು ಯಾರು, ಇಳಿದಾಗ ಕೂಗುವವರು ಯಾರು ಎಂದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಚಿಲ್ಲರೆ ಹಣದುಬ್ಬರ ಶೇ 4ರ ಆಸುಪಾಸಿನಲ್ಲಿರಬೇಕು, ಶೇ 6 ಮೀರಬಾರದು ಎಂಬ ಗುರಿಯನ್ನು 2016ರಿಂದ ರಿಸರ್ವ್ ಬ್ಯಾಂಕಿಗೆ ಕಾನೂನಿನಲ್ಲೇ ಹಾಕಿಕೊಡಲಾಗಿದೆ. ಆಗ ಬಳಕೆಯಲ್ಲಿದ್ದ, 2012 ಮೂಲವರ್ಷದ ಬೆಲೆ ಸೂಚ್ಯಂಕದಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆ ಮೂರೂ ಸೇರಿದರೆ ತೂಕ ಶೇ 2.2 ಮಾತ್ರ. ತೂಕ ಸಣ್ಣದು ನಿಜ, ಬೆಲೆ ನಾಲ್ಕೈದು ಪಟ್ಟು ಹಾರಿದರೆ ಸಣ್ಣ ತೂಕವೂ ತಕ್ಕಡಿ ಎತ್ತುತ್ತದೆ. 2023ರ ಜೂನ್‌ನಲ್ಲಿ ಶೇ 5ರ ಒಳಗಿದ್ದ ಹಣದುಬ್ಬರ ಜುಲೈನಲ್ಲಿ 7.44ಕ್ಕೆ ಏರಿತು, ತರಕಾರಿಯೊಂದರದ್ದೇ ಶೇ 37 ದಾಟಿತ್ತು. ಹಣದುಬ್ಬರ ಹಾಗೇ ಮೇಲಿದ್ದರೆ ಬಡ್ಡಿ ದರ ಇಳಿಯುವುದಿಲ್ಲ, ಪಟ್ಟಣದವರ ಮನೆ ಸಾಲದ ಕಂತೂ ಇಳಿಯುವುದಿಲ್ಲ. ಅದರ ಮೇಲೆ ಆ ನವೆಂಬರಿನಲ್ಲಿ ಐದು ರಾಜ್ಯಗಳ ವಿಧಾನಸಭೆ ಚುನಾವಣೆ, ಮರುವರ್ಷ ಲೋಕಸಭೆ. ಟೊಮೆಟೊ ದುಬಾರಿಯಾದದ್ದು ದೇಶದ ಎಲ್ಲ ಅಡುಗೆಮನೆಗೂ ಒಂದೇ ವಾರದಲ್ಲಿ ಗೊತ್ತಾಗುತ್ತದೆ. ಅಗ್ಗವಾದರೆ ಗೊತ್ತಾಗುವುದು ಕೋಲಾರ, ಮದನಪಲ್ಲಿ, ನಾಸಿಕ್‌ನಂಥ ಕೆಲವು ಕಡೆಯವರಿಗೆ ಮಾತ್ರ.

ಹಾಗಾಗಿ ಜುಲೈ 14ರಿಂದ ದೆಹಲಿ ಸುತ್ತಮುತ್ತ ಸಹಕಾರಿ ಸಂಸ್ಥೆಗಳ ಮೂಲಕ ಕೆ.ಜಿ.ಗೆ 90 ರೂ.ನಂತೆ ಮಾರಾಟ ಶುರುವಾಯಿತು. ಆಂಧ್ರ, ಕರ್ನಾಟಕ, ಮಹಾರಾಷ್ಟ್ರದ ಮಂಡಿಗಳಲ್ಲಿ ಕೊಂಡು, ನಷ್ಟವನ್ನು ಬೆಲೆ ಸ್ಥಿರೀಕರಣ ನಿಧಿಯಿಂದ ತುಂಬಿ, ಆಗಸ್ಟ್ 20ರ ಹೊತ್ತಿಗೆ 40 ರೂ.ಗೆ ಇಳಿಸಿದರು. ತಿನ್ನುವವರಿಗೆ ಸಿದ್ಧ ನಿಧಿ, ಸಿದ್ಧ ಸಂಸ್ಥೆ, ಸಿದ್ಧ ವ್ಯಾನು ಎಲ್ಲ ಇತ್ತು ಎಂಬುದನ್ನು ಗಮನಿಸಿ.

ಇನ್ನು ಇಳಿತ. ಅದರಲ್ಲಿ ಬೆಳೆಯ ಗುಣವೂ ಸೇರಿದೆ. ನರ್ಸರಿಯಲ್ಲಿ ಸಸಿಗೆ ಸುಮಾರು 25 ದಿನ, ನಾಟಿ ಮಾಡಿ ಮೊದಲ ಕೊಯ್ಲಿಗೆ 60–70 ದಿನ. ಅಂದರೆ ಈ ದಿನದ ಹರಾಜಿನ ದರ ನೋಡಿ ಸಸಿ ಬುಕ್ ಮಾಡಿದವನ ಹಣ್ಣು ಮಂಡಿಗೆ ಬರುವುದು ಮೂರು ತಿಂಗಳ ಮೇಲೆ, ಅದೇ ದರ ನೋಡಿ ಬುಕ್ ಮಾಡಿದ ಎಲ್ಲರ ಹಣ್ಣಿನ ಜೊತೆಗೆ. 2023ರ ಬೇಸಿಗೆಯಲ್ಲಿ ದರವಿಲ್ಲದೆ ನಾಟಿ ಕಡಿಮೆಯಾಯಿತು, ಇದ್ದ ತೋಟಕ್ಕೆ ಬಿಳಿನೊಣ ಹರಡುವ ಎಲೆಮುದುಡು ನಂಜು ಬಿತ್ತು, ಜುಲೈನಲ್ಲಿ ಬೆಲೆ ಹಾರಿತು. ಸೆಪ್ಟೆಂಬರಿಗೆ ನೆಲ ಕಚ್ಚಿತು. ಟೊಮೆಟೊಗೆ ಕನಿಷ್ಠ ಬೆಂಬಲ ಬೆಲೆ ಇಲ್ಲ. ಇರುವುದು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಒಂದೇ. ಹಿಂದಿನ ಸಾಮಾನ್ಯ ವರ್ಷಕ್ಕಿಂತ ಬೆಲೆ ಕನಿಷ್ಠ ಶೇ 10 ಕುಸಿದಿರಬೇಕು, ರಾಜ್ಯವೇ ಪ್ರಸ್ತಾವ ಕಳಿಸಬೇಕು, ನಷ್ಟದಲ್ಲಿ ಅರ್ಧ ರಾಜ್ಯ ಹೊರಬೇಕು. ಫೈಲು ಬೆಂಗಳೂರಿನಿಂದ ದೆಹಲಿಗೆ ಹೋಗಿ ಬರುವಷ್ಟರಲ್ಲಿ ಟೊಮೆಟೊ ಕೊಯ್ಲೇ ಮುಗಿದಿರುತ್ತದೆ. ಈರುಳ್ಳಿಯಂತೆ ಕೂಡಿಟ್ಟು ಕಾಯುವ ಸರಕೂ ಇದಲ್ಲ.

ಆದರೂ ಈ ಯೋಜನೆ ಕೋಲಾರಕ್ಕೆ ಬಂದೇ ಇಲ್ಲವೆಂದಲ್ಲ. 2025ರ ಜೂನ್‌ನಲ್ಲಿ ಶ್ರೀನಿವಾಸಪುರದ ತೋತಾಪುರಿ ಮಾವಿಗೆ ಬಂತು. ಅಲ್ಲಿ ನಡೆದದ್ದು ನಿಮ್ಮ ಪ್ರಶ್ನೆಗೆ ಒಳ್ಳೆಯ ಉದಾಹರಣೆ. ಆಂಧ್ರ ಸರ್ಕಾರ ತನ್ನ ರೈತರಿಗೆ ಕೆ.ಜಿ.ಗೆ 12 ರೂ. ಗೊತ್ತುಮಾಡಿತು, 8 ರೂ. ತಿರುಳು ಕಾರ್ಖಾನೆಯದು, 4 ರೂ. ಸರ್ಕಾರದ್ದು. ಅಗ್ಗದ ಕರ್ನಾಟಕದ ಹಣ್ಣು ಒಳಗೆ ಬಂದರೆ ಈ ಲೆಕ್ಕ ಕೆಡುತ್ತದೆಂದು ಚಿತ್ತೂರು ಜಿಲ್ಲಾಡಳಿತ ನಮ್ಮ ತೋತಾಪುರಿಗೆ ಗಡಿಯಲ್ಲೇ ತಡೆ ಹಾಕಿತು. ತಿರುಳು ಕಾರ್ಖಾನೆಗಳು ಹೆಚ್ಚಾಗಿ ಆ ಕಡೆಯೇ ಇರುವುದರಿಂದ ಶ್ರೀನಿವಾಸಪುರದ ಹಣ್ಣು ಗಾಡಿಯಲ್ಲೇ ಕೊಳೆಯಿತು. ಬಂದ್ ಆಯಿತು, ಮುಖ್ಯಮಂತ್ರಿಗಳಿಂದ ಮುಖ್ಯಮಂತ್ರಿಗಳಿಗೆ ಪತ್ರ ಹೋಯಿತು, ಕೊನೆಗೆ ಕೇಂದ್ರ ಕ್ವಿಂಟಲಿಗೆ 1,616 ರೂ. ಎಂದು ದರ ನಿಗದಿ ಮಾಡಿ 2.5 ಲಕ್ಷ ಟನ್‌ವರೆಗೆ ವ್ಯತ್ಯಾಸದ ಹಣ ಕೊಡಲು ಒಪ್ಪಿತು. ಒಂದೇ ತಾಲ್ಲೂಕು, ಒಂದೇ ಹಂಗಾಮು, ಎಲ್ಲರ ಹಣ್ಣೂ ಒಂದೇ ವಾರ ಕೊಳೆಯಿತು, ಎಲ್ಲರೂ ಒಂದೇ ದಿನ ರಸ್ತೆಗೆ ಬಂದರು. ಟೊಮೆಟೊದಲ್ಲಿ ನಿಮಗೆ ನಷ್ಟವಾದ ವಾರ ಪಕ್ಕದ ಹೊಲದವನಿಗೆ ಇನ್ನೂ ಹೂ ಬಿಡುತ್ತಿರುತ್ತದೆ. ಅವನು ಯಾಕೆ ಬಂದ್‌ಗೆ ಬರುತ್ತಾನೆ?

ಇಂಥ ಪರಿಹಾರ ಘೋಷಣೆಯಾದಾಗ ಕೈತಪ್ಪುವುದು ಹೆಚ್ಚಾಗಿ ಮೂರು ಕಡೆ. ಫ್ರೂಟ್ಸ್ ಐಡಿಯಲ್ಲಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಎಲ್ಲ ಸರ್ವೆ ನಂಬರ್ ಸೇರಿಸಿರುವುದಿಲ್ಲ. ಬೆಳೆ ಸಮೀಕ್ಷೆಯಲ್ಲಿ ಹೊಲ ‘ಖಾಲಿ’ ಎಂದೋ, ರಾಗಿ ಎಂದೋ ನಮೂದಾಗಿರುತ್ತದೆ; ಆಕ್ಷೇಪಣೆಯ ಅವಧಿಯಲ್ಲೇ ಗ್ರಾಮ ಆಡಳಿತಾಧಿಕಾರಿಯ (ಹಿಂದಿನ ಗ್ರಾಮ ಲೆಕ್ಕಿಗರು) ಬಳಿ ಸರಿಮಾಡಿಸಬೇಕು. ಮಾರಿದ್ದಕ್ಕೆ ಬಿಳಿ ಚೀಟಿ ಬಿಟ್ಟರೆ ಬೇರೆ ದಾಖಲೆ ಇರುವುದಿಲ್ಲ. ಗುತ್ತಿಗೆಗೆ, ಪಾಲಿಗೆ ಮಾಡುವವರಿಗಂತೂ ಪಹಣಿ ಯಾರ ಹೆಸರಿನಲ್ಲಿದೆಯೋ ಅವರ ಖಾತೆಗೇ ಹಣ ಹೋಗುತ್ತದೆ. ಇದನ್ನು ಸರಿಪಡಿಸುವ ಗೋಜಿಗೆ ಯಾವ ಪಕ್ಷವೂ ಹೋಗಿಲ್ಲ, ಏಕೆಂದರೆ ಗುತ್ತಿಗೆದಾರನ ಹೆಸರು ಬರೆದರೆ ಜಮೀನು ಹೋದೀತೆಂಬ ಹೆದರಿಕೆ 1974ರ ಭೂಸುಧಾರಣೆಯಿಂದ ಈವರೆಗೂ ಹೋಗಿಲ್ಲ.

ಕಮಿಷನ್ ಬಗ್ಗೆಯೂ ಇನ್ನಿಬ್ಬರು ಕೇಳಿದ್ದಾರೆ. ಕರ್ನಾಟಕದ ಎಪಿಎಂಸಿ ಕಾನೂನಿನ ಪ್ರಕಾರ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ರೈತನ ಬಿಲ್ಲಿನಲ್ಲಿ ಮುರಿಯುವಂತಿಲ್ಲ. ಬಾಕ್ಸಿಗೆ 60 ರೂ. ಇರುವ ದಿನ ನೂರು ಬಾಕ್ಸಿಗೆ ಶೇ 10 ಮುರಿದರೆ 600 ರೂ. ಹೋಯಿತು. ಕೊಯ್ಲಿನ ಕೂಲಿ, ಗಾಡಿ ಬಾಡಿಗೆ ಅದರ ಮೇಲೆ. ದರ ಕೂಗಿದ ಮೇಲೆ ಬಾಕ್ಸು, ತೂಕ, ದರ, ಕಡಿತ ಬೇರೆ ಬೇರೆ ಕಾಣುವ ಬಿಲ್ಲು ಕೇಳಿ ಪಡೆಯಿರಿ, ಕಡಿತವಿದ್ದರೆ ನಕಲು ಲಗತ್ತಿಸಿ ಎಪಿಎಂಸಿ ಕಾರ್ಯದರ್ಶಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಹೀಗೆ ಬರೆಯುವುದು ಸುಲಭ. ಸಸಿಗೆ, ಕೋಲಿಗೆ, ಡ್ರಿಪ್ಪಿಗೆ ಮುಂಗಡ ಕೊಟ್ಟವನೇ ಮಂಡಿ ಮಾಲೀಕನಾದರೆ ದೂರು ಕೊಡುವ ಕೈ ಮೇಲೇಳುವುದಿಲ್ಲ. ಎಕರೆಗೆ ಆರೇಳು ಸಾವಿರ ಸಸಿ, ಸಾಲು ಸಾಲು ಕೋಲು, ವಾರಕ್ಕೊಮ್ಮೆ ಔಷಧಿ: ಈ ಖರ್ಚಿಗೆ ಬ್ಯಾಂಕು ಸಮಯಕ್ಕೆ ಸಾಲ ಕೊಡುವವರೆಗೆ ಕಮಿಷನ್ ಕಾನೂನು ಪುಸ್ತಕದಲ್ಲೇ ಇರುತ್ತದೆ.

ಪ್ರಶ್ನೆ: ನಂದಿನಿ ಹಾಲು ಲೀಟರಿಗೆ 4 ರೂ. ಏರಿತು, ಅದು ರೈತರಿಗೇ ಎಂದರು. ನನ್ನ ಚೀಟಿಯಲ್ಲಿ ಅಷ್ಟು ಕಾಣಲಿಲ್ಲ. ಜೊತೆಗೆ ನಮ್ಮ ಡೈರಿ ಚುನಾವಣೆ ಪಂಚಾಯಿತಿ ಚುನಾವಣೆಗಿಂತ ಜೋರು. ಯಾಕೆ?
(ಹಾಲು ಉತ್ಪಾದಕಿ, ಚಿಂತಾಮಣಿ ತಾಲ್ಲೂಕು)

ಉತ್ತರ: ಮೊದಲು ಚೀಟಿ ನೋಡೋಣ. 2025ರ ಏಪ್ರಿಲ್ 1ರಿಂದ ಏರಿದ್ದು ಮಾರಾಟ ದರ. ನಿಮಗೆ ಬರುವುದು ಖರೀದಿ ದರ, ಅದೂ ಶೇ 3.5 ಫ್ಯಾಟ್ (ಕೊಬ್ಬು) ಮತ್ತು ಶೇ 8.5 ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಇರುವ ಹಾಲಿಗೆ. ಅದಕ್ಕಿಂತ ಕಡಿಮೆಯಾದರೆ ದರ ಇಳಿಯುತ್ತದೆ. ಎಸ್‌ಎನ್‌ಎಫ್ ಲೆಕ್ಕಕ್ಕೆ ಸಾಮಾನ್ಯವಾಗಿ ಬಳಸುವ ಸೂತ್ರ ಹೀಗಿದೆ: ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರಿನ, ತಾಪಮಾನಕ್ಕೆ ಸರಿಪಡಿಸಿದ ಡಿಗ್ರಿಯ ಕಾಲು ಭಾಗ, ಫ್ಯಾಟಿನ ಕಾಲು ಭಾಗ, ಜೊತೆಗೆ 0.44. ಫ್ಯಾಟ್ 3.5 ಇದ್ದು ಡಿಗ್ರಿ 29 ಬಂದರೆ 7.25 + 0.875 + 0.44, ಅಂದರೆ 8.56, ಪಾಸು. ಅದೇ ಹಾಲಿಗೆ ಡಿಗ್ರಿ 27 ಬಂದರೆ 8.06. ಕೊನೆಯ ಅಂಕಿ ಒಂದು ಹಾಲು ಒಕ್ಕೂಟದಿಂದ ಇನ್ನೊಂದಕ್ಕೆ ತುಸು ಬೇರೆ ಇರಬಹುದು, ನಿಮ್ಮ ಸೆಕ್ರೆಟರಿಯನ್ನು ಕೇಳಿ ಬರೆದಿಟ್ಟುಕೊಳ್ಳಿ.

ನೀರು ಬೆರೆಸದೆಯೂ ಡಿಗ್ರಿ ಬೀಳುತ್ತದೆ. ಕರೆದ ಕೂಡಲೇ ನೊರೆ ಹಾಲನ್ನು ಅಳೆದರೆ ಒಳಗಿನ ಗಾಳಿಯಿಂದ ಕಡಿಮೆ ತೋರಿಸುತ್ತದೆ. ಬಿಸಿ ಹಾಲಿಗೆ ತಾಪಮಾನದ ತಿದ್ದುಪಡಿ ಮಾಡದಿದ್ದರೂ ಅಷ್ಟೇ. ಒಣಮೇವು ಸಾಲದೆ ಬರೀ ಹಸಿಹುಲ್ಲು ಹಾಕಿದಾಗ ಫ್ಯಾಟ್ ಇಳಿಯುತ್ತದೆ. ಬೇಸಿಗೆಯ ಬಿಸಿಲು, ಸಾಲದ ಹಿಂಡಿ, ಕೆಚ್ಚಲು ಬಾವಿನಿಂದ ಎಸ್‌ಎನ್‌ಎಫ್ ಕುಸಿಯುತ್ತದೆ. ಒಂದೇ ಹಸುವಿನ ಡಿಗ್ರಿ ದಿಢೀರ್ ಇಳಿದರೆ ಮೊದಲು ಕೆಚ್ಚಲು ನೋಡಿ, ಆಮೇಲೆ ಡೈರಿಯವರನ್ನು ಬಯ್ಯಿರಿ.

ಇನ್ನೊಂದು ಸೋರಿಕೆ ಹಂಗಾಮಿನದು. ಮಳೆ ಬಿದ್ದು ಮೇವು ಹೆಚ್ಚಿ ಹಾಲು ಸುರಿಯುವ ತಿಂಗಳಲ್ಲಿ ಒಕ್ಕೂಟಗಳು ಖರೀದಿ ದರವನ್ನು ರೂಪಾಯಿ ಎರಡು ರೂಪಾಯಿ ಇಳಿಸುತ್ತವೆ. ಮಿಕ್ಕ ಹಾಲನ್ನು ಪುಡಿ ಮಾಡಬೇಕು, ಪುಡಿಯ ದರ ದೇಶದ ಮಾರುಕಟ್ಟೆ ಹೇಳಿದಂತೆ. ಮೊದಲು ಇಳಿಸಿ ಆಮೇಲೆ ಏರಿಸಿದರೆ ನಿಮಗೆ ಏರಿಕೆ ಪೂರ್ತಿ ಕಾಣುವುದಿಲ್ಲ. ಸರ್ಕಾರದ ಪ್ರೋತ್ಸಾಹಧನ ಚೀಟಿಯಲ್ಲಿ ಬರುವುದಿಲ್ಲ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ಪ್ರತ್ಯೇಕವಾಗಿ ಬರುತ್ತದೆ, ಬರುವಾಗ ಹಲವು ತಿಂಗಳ ಬಾಕಿ ಒಟ್ಟಿಗೆ ಬರುತ್ತದೆ. ಪಾಸ್‌ಬುಕ್ಕನ್ನೂ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಈ ಪ್ರೋತ್ಸಾಹಧನದಲ್ಲೇ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರವಿದೆ. 2008ರಲ್ಲಿ ಬಿಜೆಪಿ ಸರ್ಕಾರ ಲೀಟರಿಗೆ 2 ರೂ. ಎಂದು ಶುರು ಮಾಡಿತು, 2013ರಲ್ಲಿ ಕಾಂಗ್ರೆಸ್ 4 ಮಾಡಿತು, ಆಮೇಲೆ ಅದು 5 ಆಯಿತು. ಯಾವ ಸರ್ಕಾರ ಬಂದರೂ ತೆಗೆಯಲು ಧೈರ್ಯವಿಲ್ಲ. ಟೊಮೆಟೊ ಬೆಳೆಗಾರನಿಗೆ ಸಿಗದ ಭಾಗ್ಯ ಹಾಲಿಗೆ ಹೇಗೆ ಸಿಕ್ಕಿತು? ಊರಿಗೊಂದು ಸಂಘ, ದಿನಕ್ಕೆರಡು ಸಲ ಒಂದೇ ಜಾಗದಲ್ಲಿ ಕೂಡುವ ಜನ, ಹೆಸರು ಸಮೇತ ಸದಸ್ಯರ ಪಟ್ಟಿ, ಪ್ರತಿ ವಾರ ಬಟವಾಡೆ. ಓಟು ಕೇಳುವವನಿಗೆ ಇದಕ್ಕಿಂತ ಅಚ್ಚುಕಟ್ಟಾದ ಪಟ್ಟಿ ಬೇರೆಲ್ಲೂ ಸಿಗದು. ಸಂಘದ ಅಧ್ಯಕ್ಷಗಿರಿಯಿಂದ ಒಕ್ಕೂಟದ ನಿರ್ದೇಶಕ, ಅಲ್ಲಿಂದ ವಿಧಾನಸಭೆ ಟಿಕೆಟ್ಟು, ಈ ದಾರಿ ನಮ್ಮ ಎರಡೂ ಜಿಲ್ಲೆಗಳಲ್ಲಿ ಸವೆದ ದಾರಿ. ಕೋಲಾರ ಒಕ್ಕೂಟದಿಂದ ಚಿಕ್ಕಬಳ್ಳಾಪುರವನ್ನು ಬೇರೆ ಮಾಡುವ ವಿಚಾರ ಅಷ್ಟು ವರ್ಷ ಎಳೆದಾಡಿದ್ದೂ ಹಾಲಿಗಿಂತ ಕುರ್ಚಿಯ ಕಾರಣಕ್ಕೆ ಎಂದರೆ ಯಾರೂ ಬೇಜಾರು ಮಾಡಿಕೊಳ್ಳಲಾರರು.

ಶಾಲೆ ಮಕ್ಕಳ ಕ್ಷೀರಭಾಗ್ಯವನ್ನೂ ಇಲ್ಲೇ ಹೇಳಬೇಕು. 2013ರ ಆಗಸ್ಟ್ 1ರಂದು ಶುರುವಾದಾಗ ಮಕ್ಕಳ ಅಪೌಷ್ಟಿಕತೆ ಒಂದು ಕಾರಣ, ಗೋದಾಮಿನಲ್ಲಿ ಕೂತಿದ್ದ ಹಾಲಿನ ಪುಡಿ ಇನ್ನೊಂದು. 18 ಗ್ರಾಂ ಕೆನೆಭರಿತ ಪುಡಿಯಿಂದ 150 ಮಿಲಿ ಹಾಲು. ಮಗುವಿಗೆ ಲೋಟ ಹಾಲು, ಒಕ್ಕೂಟಕ್ಕೆ ಖಾಯಂ ಗಿರಾಕಿ, ಸರ್ಕಾರಕ್ಕೆ ಹೆಸರು. ಮೂವರಿಗೂ ಲಾಭವಿರುವುದರಿಂದಲೇ ಈ ಯೋಜನೆ ಸರ್ಕಾರಗಳು ಬದಲಾದರೂ ಉಳಿದಿದೆ.

ನಿಮ್ಮಂಥವರಿಗೆ ಒಂದು ಮಾತು: ಹಸು ಕಟ್ಟುವುದು, ಕರೆಯುವುದು, ಸಗಣಿ ಬಾಚುವುದು ನೀವು, ಸದಸ್ಯತ್ವ ಮನೆಯ ಗಂಡಸಿನ ಹೆಸರಲ್ಲಿ ಇದ್ದರೆ ಓಟೂ ಬಟವಾಡೆಯೂ ಅವರದೇ. ಸದಸ್ಯತ್ವ ನಿಮ್ಮ ಹೆಸರಿಗೆ ಬೇಕಾದರೆ ಅರ್ಜಿ, ಷೇರು ಹಣ ಕಟ್ಟಿ, ನಿಮ್ಮದೇ ಹೆಸರಿನಲ್ಲಿ ಹಾಲು ಹಾಕಬೇಕು. ಹಾಲು ಹಾಕಿದ ದಿನಗಳೂ ಮಹಾಸಭೆಯ ಹಾಜರಿಯೂ ಸಾಲದಿದ್ದರೆ ಓಟಿನ ಹಕ್ಕು ಹೋಗುತ್ತದೆ. ಚುನಾವಣೆ ಹತ್ತಿರ ಬಂದಾಗ ಎದುರು ಗುಂಪಿನವರ ಹೆಸರು ಪಟ್ಟಿಯಿಂದ ಬಿದ್ದುಹೋಗುವುದು ಈ ಕಾರಣ ಹಿಡಿದೇ.

ಪ್ರಶ್ನೆ: ಕರ್ನಾಟಕ ಕಟ್ಟಿದ ತೆರಿಗೆಯಲ್ಲಿ ನಮಗೆ ಕಡಿಮೆ ಬರುತ್ತದೆ ಎನ್ನುವುದು ನಿಜವೋ, ಬರೀ ಭಾಷಣವೋ?
(ಪದವಿ ವಿದ್ಯಾರ್ಥಿ, ಕೋಲಾರ)

ಉತ್ತರ: ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇತ್ತು, 15ನೆಯದರಲ್ಲಿ (2021–26) 3.647ಕ್ಕೆ ಇಳಿಯಿತು. ಇದು ಭಾಷಣವಲ್ಲ. 15ನೆಯದರ ಸೂತ್ರದಲ್ಲಿ ಶೇ 45ರಷ್ಟು ತೂಕ ಇದ್ದದ್ದು ತಲಾ ಆದಾಯದ ಅಂತರಕ್ಕೆ. ರಾಜ್ಯ ಶ್ರೀಮಂತವಾದಷ್ಟೂ ಪಾಲು ಕಡಿಮೆ. ಬಡ ರಾಜ್ಯಕ್ಕೆ ಹೆಚ್ಚು ಕೊಡಬೇಕೆಂಬ ತತ್ವದಲ್ಲಿ ತಪ್ಪಿಲ್ಲ. ತೊಡಕು ಸರಾಸರಿಯಲ್ಲಿದೆ. ಬೆಂಗಳೂರಿನ ಆದಾಯ ಇಡೀ ರಾಜ್ಯದ ಸರಾಸರಿಯನ್ನು ಎತ್ತುತ್ತದೆ, ಪಾವಗಡ, ಬಾಗೇಪಲ್ಲಿ ಅದರ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಇದೇ ವಾದವನ್ನು ಬೆಂಗಳೂರಿನ ಕಡೆಗೂ ತಿರುಗಿಸಬಹುದು. ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ನಂಜುಂಡಪ್ಪ ಸಮಿತಿ 2002ರಲ್ಲೇ ಬರೆದಿತ್ತು. ದೆಹಲಿಯ ಹಂಚಿಕೆ ಪ್ರಶ್ನಿಸುವವರು ವಿಧಾನಸೌಧದ ಹಂಚಿಕೆಯನ್ನೂ ಅಷ್ಟೇ ಗಟ್ಟಿಯಾಗಿ ಪ್ರಶ್ನಿಸಿದ್ದು ಕಡಿಮೆ.

ಪ್ರಶ್ನೆ: ಊರಲ್ಲಿ ನಾಲ್ಕು ಮೈಕ್ರೊಫೈನಾನ್ಸ್ ಸಂಘಗಳಿಂದ ಸಾಲ ತೆಗೆದಿದ್ದೇನೆ. ಸರ್ಕಾರ ಸುಗ್ರೀವಾಜ್ಞೆ ತಂದಿದೆ, ಇನ್ನು ಕಟ್ಟಬೇಕಾಗಿಲ್ಲ ಅಂತ ಕೆಲವರು ಹೇಳುತ್ತಾರೆ. ಕಟ್ಟದಿದ್ದರೆ ಏನಾಗುತ್ತದೆ?
(ರೇಷ್ಮೆ ಬಿಚ್ಚಾಣಿಕೆ ಕೆಲಸದಾಕೆ, ಶಿಡ್ಲಘಟ್ಟ)

ಉತ್ತರ: ಹಾಗೆ ಹೇಳಿದವರ ಮಾತು ನಂಬಿ ಕಂತು ನಿಲ್ಲಿಸಬೇಡಿ ತಾಯಿ. 2025ರ ಫೆಬ್ರುವರಿ 12ರಂದು ಸುಗ್ರೀವಾಜ್ಞೆಯಾಗಿ ಬಂದು ಆಮೇಲೆ ಕಾಯ್ದೆಯಾದ ಈ ಕಾನೂನು ತಡೆಯುವುದು ಬಲವಂತದ ವಸೂಲಿಯನ್ನು. ಅದಕ್ಕೆ 10 ವರ್ಷದವರೆಗೆ ಜೈಲು, 5 ಲಕ್ಷ ರೂ.ವರೆಗೆ ದಂಡ. ಸಾಲವೇ ತೀರಿದಂತೆ ಎಂಬ ಮಾತು ಲೈಸೆನ್ಸ್, ನೋಂದಣಿ ಯಾವುದೂ ಇಲ್ಲದ ಲೇವಾದೇವಿಯವರ ಸಾಲಕ್ಕೆ ಮಾತ್ರ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಯ ಸಾಲ ಸಾಲವೇ. ಕಟ್ಟದಿದ್ದರೆ ಕ್ರೆಡಿಟ್ ಬ್ಯೂರೊದಲ್ಲಿ ದಾಖಲಾಗುತ್ತದೆ, ಮುಂದೆ ಬ್ಯಾಂಕೂ ಕೊಡುವುದಿಲ್ಲ, ಆಮೇಲೆ ಉಳಿಯುವುದು ಮೀಟರ್ ಬಡ್ಡಿ.

ನಿಮ್ಮ ಹಕ್ಕುಗಳು ಕಡಿಮೆಯೇನಲ್ಲ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ವರ್ಷಕ್ಕೆ 3 ಲಕ್ಷದೊಳಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವುದು ಕಿರುಸಾಲ. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತಿಲ್ಲ. ಮನೆಗೆ 16,000 ಬಂದರೆ ಎಲ್ಲ ಕಂತೂ ಸೇರಿ 8,000ದೊಳಗಿರಬೇಕು. ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಕಾಡುವಂತಿಲ್ಲ. ವಸೂಲಿ ನಡೆಯಬೇಕಾದದ್ದು ಇಬ್ಬರೂ ಒಪ್ಪಿದ ಜಾಗದಲ್ಲಿ. ಸತತ ಎರಡು ಸಲ ನೀವು ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ. ತಡವಾದರೆ ದಂಡ ಬಾಕಿ ಬಿದ್ದ ಕಂತಿನ ಮೇಲಷ್ಟೇ, ಪೂರ್ತಿ ಸಾಲದ ಮೇಲಲ್ಲ. ಸಾಲದ ಕಾರ್ಡು ನಿಮಗೆ ಓದಲು ಬರುವ ಭಾಷೆಯಲ್ಲಿ ಇರಬೇಕು.

ಕಾರ್ಡು ತೆಗೆದು ಬಡ್ಡಿ ನೋಡಿ. ಏಜೆಂಟರು "ಶೇ 12 ಅಷ್ಟೇ" ಎನ್ನುತ್ತಾರೆ. 50,000 ತೆಗೆದು ಪೂರ್ತಿ ಅಸಲಿನ ಮೇಲೆ ಎರಡು ವರ್ಷಕ್ಕೆ ಶೇ 12 ಎಂದರೆ ಬಡ್ಡಿ 12,000, ತಿಂಗಳ ಕಂತು 2,583. ನೀವು ಪ್ರತಿ ತಿಂಗಳೂ ಅಸಲು ತೀರಿಸುತ್ತ ಹೋಗುತ್ತೀರಿ, ಬಡ್ಡಿ ಮಾತ್ರ ಮೊದಲ ದಿನದ ಅಸಲಿನ ಮೇಲೇ ನಡೆಯುತ್ತದೆ. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ವರ್ಷಕ್ಕೆ ಸುಮಾರು ಶೇ 21.6.

ಕಟ್ಟಲಾಗುತ್ತಿಲ್ಲವಾದರೆ ಹೀಗೆ ಮಾಡಿ. ಒಂದು ಹಾಳೆಯಲ್ಲಿ ನಾಲ್ಕೂ ಸಾಲದ ಉಳಿದ ಅಸಲು, ಕಂತು, ಬಡ್ಡಿ ಬರೆಯಿರಿ. ಹೆಚ್ಚು ಬಡ್ಡಿಯದು ಯಾವುದು ಎಂದು ತಿಳಿದ ಮೇಲೆ, ಅದನ್ನು ಮೊದಲು ತೀರಿಸುವಂತಾಗಲು ಉಳಿದ ಕಂಪನಿಗಳ ಶಾಖೆಗೆ ಕಂತಿನ ಅವಧಿ ಹಿಗ್ಗಿಸಿಕೊಡಿ ಎಂದು ಬರೆದು ಕೊಡಿ, ಬಾಯಿಮಾತಲ್ಲಿ ಬೇಡ. ಒಂದು ಸಾಲ ತೀರಿಸಲು ಇನ್ನೊಂದು ಸಂಘಕ್ಕೆ ಸೇರಬೇಡಿ. ಕಾಟ ಕೊಟ್ಟರೆ ಮೊದಲು ಕಂಪನಿಯ ದೂರು ಅಧಿಕಾರಿಗೆ, 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ (ಸಹಾಯವಾಣಿ 14448). ಬೆದರಿಕೆ, ಬೀಗ ಜಡಿಯುವುದು, ಮಕ್ಕಳನ್ನು ಅಡ್ಡಗಟ್ಟುವುದು ನಡೆದರೆ ನೇರ ಪೊಲೀಸ್ ಠಾಣೆಗೆ.

ಶಿಡ್ಲಘಟ್ಟದಿಂದ ಪತ್ರ ಬಂದಿರುವುದರಿಂದ ಹಳೆಯ ಸಂಗತಿಯೊಂದನ್ನು ನೆನಪಿಸಬೇಕು. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರ, ಮೈಸೂರು ಕಡೆ ಕಿರುಸಾಲದ ವಸೂಲಿ ಹಠಾತ್ತಾಗಿ ನಿಂತಿತ್ತು. ರೇಷ್ಮೆ ಕಸುಬು ಬಿದ್ದುಹೋಗಿತ್ತು, ಒಂದೊಂದು ಮನೆಗೆ ಹಲವು ಕಂಪನಿಗಳು ಸಾಲ ಸುರಿದಿದ್ದವು. ಹೆಂಗಸರು ಸಾಲಕ್ಕಾಗಿ ಸಭೆ ಸೇರುವುದು, ಏಜೆಂಟರು ಮನೆಬಾಗಿಲಿಗೆ ಬರುವುದು ಸರಿಯಲ್ಲವೆಂಬ ಅಸಮಾಧಾನ ಮೊಹಲ್ಲಾಗಳಲ್ಲಿ ಮೊದಲೇ ಇತ್ತು. ಮುಸ್ಲಿಂ ಸಮುದಾಯದ ಅಂಜುಮನ್ ಸಮಿತಿಗಳು ಕಟ್ಟಬೇಡಿ ಎಂದವು, ಜನ ನಿಲ್ಲಿಸಿದರು. ರೇಷ್ಮೆ ದರ ಚೆನ್ನಾಗಿದ್ದಿದ್ದರೆ ಆ ಕರೆಯನ್ನು ಯಾರೂ ಕೇಳುತ್ತಿರಲಿಲ್ಲ; ಕರೆ ಬಾರದಿದ್ದರೆ ದರ ಬಿದ್ದರೂ ಜನ ಒಬ್ಬೊಬ್ಬರಾಗಿ ಒಡವೆ ಮಾರಿ ಕಟ್ಟುತ್ತಿದ್ದರು. ಈ ಸಾಲದ ವ್ಯವಸ್ಥೆಯೇ ಹಾಗಿದೆ. ಚಿನ್ನ, ಪಹಣಿ ಯಾವುದೂ ಬೇಡ, ಗುಂಪಿನ ಹೆಂಗಸರ ಎದುರು ಮಾನ ಹೋಗುವ ಹೆದರಿಕೆಯೇ ಅಡಮಾನ. ಇಡೀ ಗುಂಪೇ ಕಟ್ಟುವುದಿಲ್ಲ ಎಂದು ಕೂತರೆ ಆ ಹೆದರಿಕೆಗೆ ಬೆಲೆ ಇಲ್ಲ. ಆದರೆ ಬಿಕ್ಕಟ್ಟು ಮುಗಿದ ಮೇಲೆ ಕಂಪನಿಗಳು ಆ ಓಣಿಗಳಿಗೆ ಸಾಲ ನಿಲ್ಲಿಸಿದವು, ಬಂಡವಾಳವಿಲ್ಲದ ಸಣ್ಣ ರೀಲರುಗಳು (ಗೂಡಿನಿಂದ ನೂಲು ತೆಗೆಸುವವರು) ಮತ್ತೆ ಕೈಸಾಲಕ್ಕೆ ಬಿದ್ದರು.

ರೇಷ್ಮೆಯ ದರವೂ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಪೂರ್ತಿ ತೀರ್ಮಾನವಾಗುವುದಿಲ್ಲ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದರು. ಅಗ್ಗದ ಚೀನಾ ನೂಲು ಬೇಕೆಂದದ್ದು ನೇಕಾರಿಕೆಯ ಊರುಗಳು, ಪೆಟ್ಟು ತಿಂದದ್ದು ಗೂಡು ಬೆಳೆಯುವ ಊರುಗಳು. 2021ರಲ್ಲಿ ಸುಂಕವನ್ನು 10ರಿಂದ 15ಕ್ಕೆ ಏರಿಸಿದರು. ಒಂದು ಕೆ.ಜಿ. ನೂಲಿಗೆ ಆರೇಳು ಕೆ.ಜಿ. ಗೂಡು ಬೇಕು, ಹಾಗಾಗಿ ನೂಲಿನಲ್ಲಿ 600 ರೂ. ಬಿದ್ದರೆ ಗೂಡಿನಲ್ಲಿ ಕೆ.ಜಿ.ಗೆ ನೂರರ ಹತ್ತಿರ ಬೀಳುತ್ತದೆ. ನಡುವೆ ಸಿಕ್ಕವನು ಸಣ್ಣ ರೀಲರು: ಹಿಂದಿನ ದರದಲ್ಲಿ ಗೂಡು ತಂದಿರುತ್ತಾನೆ, ಇಂದಿನ ದರದಲ್ಲಿ ನೂಲು ಮಾರಬೇಕು. ಆ ವಾರ ನಿಮ್ಮ ಕೂಲಿ ತಡವಾಗುತ್ತದೆ, ನಿಮ್ಮ ಕಂತು ಮಾತ್ರ ತಡವಾಗುವಂತಿಲ್ಲ. ಇದಕ್ಕೇ, ವಾರದ ಕಂತಿದ್ದರೆ ಅದರ ಬದಲು ತಿಂಗಳ ಕಂತು ಕೇಳಿ.

ಪ್ರಶ್ನೆ: ಹೆಂಗಸರಿಗೆ ಬಿಟ್ಟಿ ಬಸ್ಸು ಕೊಟ್ಟು ರಾಜ್ಯ ದಿವಾಳಿಯಾಗುತ್ತಿದೆ ಎನ್ನುತ್ತಾರೆ. ಹೌದೇ?
(ನಿವೃತ್ತ ನೌಕರ, ಗೌರಿಬಿದನೂರು)

ಉತ್ತರ: 2025–26ರ ಬಜೆಟ್ 4.09 ಲಕ್ಷ ಕೋಟಿ, ಐದೂ ಗ್ಯಾರಂಟಿಗೆ ಇಟ್ಟದ್ದು 51,034 ಕೋಟಿ, ಅಂದರೆ ನೂರಕ್ಕೆ ಹನ್ನೆರಡೂವರೆ. ಇದರಿಂದ ದಿವಾಳಿ ಆಗದು, ಆದರೆ ಬೇರೆ ಖರ್ಚಿಗೆ ಕೈ ಕಟ್ಟುತ್ತದೆ. ಬಸ್ಸಿನಲ್ಲಿ ನಿಜವಾದ ತೊಂದರೆ ಶೂನ್ಯ ಟಿಕೆಟ್ಟಿನ ಹಣವನ್ನು ಸರ್ಕಾರ ಸಾರಿಗೆ ನಿಗಮಗಳಿಗೆ ಸಕಾಲಕ್ಕೆ ಪೂರ್ತಿ ಕೊಡದಿರುವುದು. 2025ರ ಜನವರಿಯಲ್ಲಿ ಒಂದು ಕಡೆ ಶೇ 15 ದರ ಏರಿಸಿ ಇನ್ನೊಂದು ಕಡೆ ನಿಗಮಗಳಿಗೆ 2,000 ಕೋಟಿ ಸಾಲ ಎತ್ತಲು ಒಪ್ಪಿಗೆ ಕೊಟ್ಟದ್ದು ಅದಕ್ಕೇ. ಅತ್ತ ಗಾರ್ಮೆಂಟ್ಸಿಗೆ ಹೋಗುವಾಕೆಗೆ ದಿನಕ್ಕೆ ಉಳಿಯುವ 60–70 ರೂ. ಕೂಲಿ ಏರಿದಷ್ಟೇ ಸಮ. ದೂರದ ಫ್ಯಾಕ್ಟರಿಗೂ ಹೋಗಬಲ್ಲಳಾದ್ದರಿಂದ ಹತ್ತಿರದ ಮೇಸ್ತ್ರಿ ಹೇಳಿದ ಕೂಲಿಗೇ ಒಪ್ಪಬೇಕಾಗಿಲ್ಲ. ಈ ಲಾಭವನ್ನು ಯಾವ ಬಜೆಟ್ ಪುಸ್ತಕವೂ ಬರೆಯುವುದಿಲ್ಲ.

ಪ್ರಶ್ನೆ: ಕೈಗಾರಿಕೆಗೆಂದು ನಮ್ಮ ಜಮೀನಿಗೆ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ನೋಟಿಸ್ ಬಂದಿದೆ. ಊರಲ್ಲಿ ಕೊಡೋಣ ಎನ್ನುವವರು, ಬೇಡ ಎನ್ನುವವರು ಎರಡು ಪಾರ್ಟಿಯಾಗಿದ್ದಾರೆ. ಒಪ್ಪಿಗೆ ಇಲ್ಲದೆ ತೆಗೆದುಕೊಳ್ಳಬಹುದೇ?
(ರೈತ, ಶಿಡ್ಲಘಟ್ಟ ತಾಲ್ಲೂಕು)

ಉತ್ತರ: ಕಾನೂನಿನ ಪ್ರಕಾರ ತೆಗೆದುಕೊಳ್ಳಬಹುದು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಖಾಸಗಿ ಯೋಜನೆಗೆ ಶೇ 80, ಸರ್ಕಾರ–ಖಾಸಗಿ ಜಂಟಿ ಯೋಜನೆಗೆ ಶೇ 70 ಜನರ ಒಪ್ಪಿಗೆ, ಸಾಮಾಜಿಕ ಪರಿಣಾಮದ ಅಧ್ಯಯನ ಬೇಕು. ನಿಮಗೆ ನೋಟಿಸು ಬಂದಿರುವುದು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿ. ಅದರಲ್ಲಿ ಇವೆರಡೂ ಇಲ್ಲ, ಸರ್ಕಾರಗಳಿಗೆ ಅದೇ ಇಷ್ಟ.

ಹಂತಗಳನ್ನು ತಿಳಿದುಕೊಳ್ಳಿ. 28(1) ಎಂದರೆ ಉದ್ದೇಶದ ಅಧಿಸೂಚನೆ ಮಾತ್ರ. 28(2)ರ ನೋಟಿಸು ಕೈಗೆ ಬಂದ 30 ದಿನದೊಳಗೆ ಆಕ್ಷೇಪಣೆ ಕೊಡಬೇಕು. 28(3)ರಲ್ಲಿ ವಿಚಾರಣೆ. 28(4) ಅಂತಿಮ ಅಧಿಸೂಚನೆ ಹೊರಟರೆ ಜಮೀನು ಸರ್ಕಾರದ್ದಾಗುತ್ತದೆ. 29(2)ರಡಿ ಮಾತುಕತೆಯ ದರಕ್ಕೆ ಸಹಿ ಹಾಕಿದರೆ ಆಮೇಲೆ ಹೆಚ್ಚಿನ ಪರಿಹಾರಕ್ಕೆ ಕೋರ್ಟಿಗೆ ಹೋಗುವ ದಾರಿ ಬಹುಮಟ್ಟಿಗೆ ಮುಚ್ಚಿದಂತೆ. ಊರ ಸಭೆಯಲ್ಲಿ ಕೈ ಎತ್ತಿದ್ದನ್ನು ಆಕ್ಷೇಪಣೆ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸರ್ವೆ ನಂಬರಿಗೊಂದರಂತೆ ಬರೆದು, ಬೋರ್‌ವೆಲ್, ಹಿಪ್ಪುನೇರಳೆ, ಹುಳು ಮನೆ, ಮರ, ಮನೆ ಎಲ್ಲ ನಮೂದಿಸಿ, ಫೋಟೊ ಲಗತ್ತಿಸಿ, ಸ್ವೀಕೃತಿ ಪಡೆಯಬೇಕು. ಜಂಟಿ ಅಳತೆಗೆ ಬಂದ ದಿನ ಜಮೀನಿನಲ್ಲೇ ಇರಿ, ಬಿಟ್ಟುಹೋದ ಮರ ಆಮೇಲೆ ಪಟ್ಟಿಗೆ ಸೇರುವುದು ಕಷ್ಟ.

ಹೆಚ್ಚಿನವರು ಎಡವುವುದು ದಾಖಲೆಯಲ್ಲಿ. ಪಹಣಿಯ 11ನೇ ಕಾಲಂನಲ್ಲಿ ಮಂಡಳಿಯ ಹೆಸರು ಬಂದಿದೆಯೇ ನೋಡಿ, ಬಂದಿದ್ದರೆ ಬ್ಯಾಂಕ್ ಸಾಲಕ್ಕೂ ತೊಡಕು. ತಾತನ ಹೆಸರಿನಲ್ಲೇ ಇದ್ದರೆ ಪೌತಿ ಖಾತೆ (ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಮಾಡಿಸದೆ ಪರಿಹಾರದ ಚೆಕ್ಕು ಯಾರ ಹೆಸರಿಗೂ ಆಗುವುದಿಲ್ಲ, ಕೋರ್ಟಿನಲ್ಲಿ ಠೇವಣಿಯಾಗುತ್ತದೆ. ಪೋಡಿಯಾಗದ (ಅಳತೆ ಮಾಡಿ ಪಾಲು ಬೇರೆ ಮಾಡದ) ಜಮೀನಿನಲ್ಲಿ ಅಣ್ಣತಮ್ಮಂದಿರ ಜಗಳ ಅಲ್ಲೇ ಶುರು. ಹೆಣ್ಣುಮಕ್ಕಳ ಪಾಲಿನ ಮಾತು ಇಪ್ಪತ್ತು ವರ್ಷ ಎತ್ತದವರು ಪರಿಹಾರದ ದಿನ ಎತ್ತುತ್ತಾರೆ, ಅವರ ಹಕ್ಕೂ ನಿಜವೇ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಹಿಂದೆ ಯಾರೋ ಅನುಮತಿಯಿಲ್ಲದೆ ಕೊಂಡಿದ್ದರೆ ಅಂಥ ಮಾರಾಟವನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಎದುರಾಗುತ್ತದೆ. ಬಗರ್‌ಹುಕುಂ (ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ) ಅರ್ಜಿ ಹಾಕಿ ಸಾಗುವಳಿ ಚೀಟಿ ಸಿಗದವರು ಮೂವತ್ತು ವರ್ಷ ಉತ್ತಿದ್ದರೂ ಲೆಕ್ಕಕ್ಕಿಲ್ಲ. ಈಗ ಊರಿನ ಎರಡು ಪಾರ್ಟಿಗಳನ್ನು ಇದೇ ಕಣ್ಣಲ್ಲಿ ನೋಡಿ: ಕೊಡೋಣ ಎನ್ನುವವರಲ್ಲಿ ಬೋರ್‌ವೆಲ್ ಬತ್ತಿದವರು, ಬೆಂಗಳೂರಿನಲ್ಲಿ ನೆಲೆಸಿದವರು, ಈಚೆಗೆ ಜಮೀನು ಕೊಂಡವರು ಎಷ್ಟು? ಬೇಡ ಎನ್ನುವವರಲ್ಲಿ ನೀರಿರುವವರು, ರೇಷ್ಮೆ, ಹಸು ಇರುವವರು ಎಷ್ಟು? 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಕೃಷಿಕರಲ್ಲದವರೂ ಕೊಳ್ಳಬಹುದಾದ್ದರಿಂದ ಮೊದಲ ಗುಂಪು ಬೆಳೆಯುತ್ತಿದೆ.

ಸ್ವಾಧೀನ ಕೈಬಿಟ್ಟ ಉದಾಹರಣೆ ಪಕ್ಕದಲ್ಲೇ ಇದೆ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯನ್ನು ಮೂರು ವರ್ಷ ಮೀರಿದ ಧರಣಿಯ ನಂತರ 2025ರ ಜುಲೈ 15ರಂದು ಸರ್ಕಾರ ಬಿಟ್ಟುಕೊಟ್ಟಿತು. 13 ಹಳ್ಳಿಗಳು ಒಡೆಯದೆ ಕೂತದ್ದು, ಬೆಂಗಳೂರಿನ ಸಂಘಟನೆಗಳು ಜೊತೆಗೆ ನಿಂತದ್ದು ಎರಡೂ ಇಲ್ಲದಿದ್ದರೆ ಆಗುತ್ತಿರಲಿಲ್ಲ.

ಮಾರುವುದೂ ಬೇಡ, ಬಿಡುವುದೂ ಬೇಡ ಎನ್ನುವವರು ಪಾವಗಡದ ಗುತ್ತಿಗೆ ಮಾದರಿಯನ್ನು ಕೇಳುತ್ತಾರೆ. ಅಲ್ಲಿ 2,050 ಮೆಗಾವಾಟ್ ಸೌರ ಪಾರ್ಕಿಗೆ ತಿರುಮಣಿ, ವಳ್ಳೂರು ಸೇರಿ ಐದು ಊರುಗಳಲ್ಲಿ ಸುಮಾರು 13,000 ಎಕರೆಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂ., ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ, ಪಹಣಿ ರೈತನ ಹೆಸರಲ್ಲೇ. ಮಳೆ ನಂಬಿ ಕಡಲೆಕಾಯಿ ಹಾಕುತ್ತಿದ್ದವನಿಗೆ ಇದು ಒಳ್ಳೆಯ ವ್ಯವಹಾರವೇ. ನಿಮ್ಮ ಕಡೆ ನೀರಾವರಿ ಹಿಪ್ಪುನೇರಳೆಗೆ ಆ ದರ ಸಾಲದು, ಗುತ್ತಿಗೆ ಜಮೀನಿನ ಮೇಲೆ ಬ್ಯಾಂಕ್ ಸಾಲ ಸುಲಭವಲ್ಲದ್ದರಿಂದ ಕಾರ್ಖಾನೆ ಕಟ್ಟುವವರು ಇದಕ್ಕೆ ಒಪ್ಪುವುದೂ ಕಷ್ಟ. ಪಾವಗಡದಲ್ಲಿ ಹಣ ಬಂದದ್ದು ಪಹಣಿ ಇದ್ದವರಿಗೆ, ಎಕರೆ ಲೆಕ್ಕದಲ್ಲಿ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರು, ಕುರಿ ಮೇಕೆ ಮೇಯಿಸುತ್ತಿದ್ದವರು ಬೇಲಿಯ ಹೊರಗೆ ಉಳಿದರು. ನಿಮ್ಮ ಊರಿನಲ್ಲಿ ಮಾತುಕತೆ ಶುರುವಾದರೆ ಕೂಲಿಯವರ ಮತ್ತು ಗುತ್ತಿಗೆಗೆ ಉಳುವವರ ಹೆಸರುಗಳ ಪಟ್ಟಿಯನ್ನು ಗ್ರಾಮಸಭೆಯ ನಡಾವಳಿಯಲ್ಲಿ 28(4)ಕ್ಕೆ ಮುಂಚೆಯೇ ಬರೆಸಿ, ಪಿಡಿಒ ಸಹಿಯ ದೃಢೀಕೃತ ನಕಲನ್ನು ಆಕ್ಷೇಪಣೆಯ ಜೊತೆ ಲಗತ್ತಿಸಿ.